ಮುಟ್ಟುವ ಊರು, ನಡೆಯುವ ದಾರಿ



ಹೋಳಿ ಹುಣ್ಣಿಮೆ ಕಳೆದು ಯುಗಾದಿ ಸಮೀಪಿಸುತ್ತಲೇ ಬಾಗಲಕೋಟೆ, ಅಮೀನಗಡ, ಹುನಗುಂದ, ಇಳಕಲ್ಲ ಸೀಮೆಯ ರಸ್ತೆಗಳೆಲ್ಲ ಶ್ರೀಶೈಲದ ಕಡೆಗೆ ಮುಖ ಮಾಡುತ್ತವೆ. ಹೆಗಲ ಮೇಲೆ ಕಂಬಿ, ತಲೆಯ ಮೇಲೆ ಬುತ್ತಿಯ ಗಂಟು, ನಾಲಗೆಯ ಮೇಲೆ ಮಲ್ಲಯ್ಯನ ನಾಮ. ಮರಗಾಲು ಕಟ್ಟಿಕೊಂಡು ನಡೆಯುವವರಿದ್ದಾರೆ. ಭ್ರಮರಾಂಬೆಯನ್ನು ಮನೆಮಗಳೆಂದೇ ಬಗೆದು ಸೀರೆ ಕುಪ್ಪಸ ಒಯ್ಯುವ ತಾಯಂದಿರಿದ್ದಾರೆ. ಹತ್ತು ಹನ್ನೆರಡು ದಿನಗಳ ನಡಿಗೆಯ ಕೊನೆಗೆ ನಲ್ಲಮಲದ ಅಡವಿ, ಭೀಮನಕೊಳ್ಳದ ಏರು, ಕೈಲಾಸದ್ವಾರ. ಅದಾದ ಮೇಲೆ ಮಲ್ಲಿಕಾರ್ಜುನನ ದರ್ಶನ. ಜನಸಂದಣಿಯಲ್ಲಿ ಅದು ಕೆಲವೇ ಕ್ಷಣ.

ಮೊನ್ನೆ ಓದಿದ ತರುಣನೊಬ್ಬ ನನ್ನನ್ನು ಕೇಳಿದ: “ಬಸ್ಸಿನಲ್ಲಿ ಒಂದು ದಿನದೊಳಗೆ ಮುಟ್ಟುವ ಊರಿಗೆ ಕಾಲು ಬೊಬ್ಬೆ ಏಳುವಂತೆ ನಡೆಯುವುದೇಕೆ? ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರಿಗೆ ಶರಣರು ತೀರ್ಥಯಾತ್ರೆಯನ್ನು ವಿಧಿಸಿಲ್ಲವಲ್ಲ?” ಪ್ರಶ್ನೆ ಯೋಗ್ಯವಾದುದು. ಕ್ಷೇತ್ರವನ್ನು ಮುಟ್ಟಿದ ಮಾತ್ರಕ್ಕೆ ಪಾಪ ತೊಳೆದುಹೋಗುವುದೆಂದು ಶರಣರು ನಂಬಲಿಲ್ಲ. ಆದರೂ ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದರು. ಹಾಗಾದರೆ ಆ ನಡಿಗೆಯ ಅರ್ಥವೇನು?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹುನಗುಂದ ನಾಡಿನ ಕೂಡಲಸಂಗಮವೇ ಸಾಕು. ಬಾಗೇವಾಡಿಯನ್ನು ತೊರೆದು ಬಂದ ಎಳೆಯ ಬಸವಣ್ಣನವರು ಕೃಷ್ಣೆ ಮಲಪ್ರಭೆಯರು ಕೂಡುವ ಈ ಸ್ಥಳದಲ್ಲಿ ಬೆಳೆದರು. ಇಲ್ಲಿಂದ ಮಂಗಳವೇಢೆ, ಅಲ್ಲಿಂದ ಕಲ್ಯಾಣ. 12ನೆಯ ಶತಮಾನದ ಆ ಮಹಾ ಕೋಲಾಹಲದ ಕೊನೆಗೆ ಅವರು ಮರಳಿ ಬಂದುದು ಇದೇ ಸಂಗಮಕ್ಕೆ, ಐಕ್ಯರಾದುದು ಇಲ್ಲಿಯೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆವರಿಸಿದಾಗ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎತ್ತಿ ಅದನ್ನು ಉಳಿಸಿಕೊಂಡಿದ್ದೇವೆ. ಹೊರಟ ಊರೇ ಮುಟ್ಟಿದ ಊರು! ಮುಟ್ಟುವುದೊಂದೇ ಮುಖ್ಯವಾಗಿದ್ದರೆ ಅಣ್ಣನವರು ಸಂಗಮವನ್ನು ಬಿಡಬೇಕಾಗಿಯೇ ಇರಲಿಲ್ಲ. ಆದರೆ ನಡುವಣ ದಾರಿಯನ್ನು ಅಳಿಸಿದರೆ ಅನುಭವ ಮಂಟಪವಿಲ್ಲ, ಕಾಯಕ ದಾಸೋಹಗಳ ಆ ಬೆಳಕಿಲ್ಲ, ಹರಳಯ್ಯ ಮಧುವರಸರ ಮನೆಗಳು ಕೂಡಿದ ಸಂಬಂಧವಿಲ್ಲ.

ಈ ಮಾತನ್ನು ನಾನು ಗ್ರಂಥದಿಂದ ಕಲಿತೆನೆಂದು ಹೇಳಿದರೆ ಸುಳ್ಳಾದೀತು. ನಲವತ್ತು ವರ್ಷಗಳ ಹಿಂದೆ, ಮಠದಲ್ಲಿ ಓದುತ್ತಿದ್ದಾಗ, ನಾನೂ ನನ್ನ ಸಹಪಾಠಿಯೂ ಪಾದಯಾತ್ರೆಗೆ ಹೊರಟೆವು. ನಮ್ಮ ತಂಡದಲ್ಲಿ ಇಳಕಲ್ಲಿನ ವೃದ್ಧ ನೇಕಾರರೊಬ್ಬರಿದ್ದರು. ಕರ್ನೂಲು ಇನ್ನೂ ಎರಡು ದಿನದ ದಾರಿ ಇರುವಾಗ ನನ್ನ ಗೆಳೆಯನಿಗೆ ಉರಿಜ್ವರ ಬಂದಿತು. “ನೀನು ನಡೆ, ನನ್ನ ಸಲುವಾಗಿ ನಿಲ್ಲಬೇಡ” ಎಂದ. ನಾನು ನಡೆದೆ. ನಿಂತವರು ಆ ಮುದುಕರು. ಅವನಿಗೂ ಅವರಿಗೂ ಪರಿಚಯವಾಗಿ ಒಂದು ವಾರವೂ ಆಗಿರಲಿಲ್ಲ.

ನಾನು ಗುಡ್ಡ ಏರಿದೆ, ದರ್ಶನವನ್ನೂ ಪಡೆದೆ. ಆ ಕ್ಷಣದಲ್ಲಿ ಕಣ್ಣ ಮುಂದೆ ನಿಂತದ್ದು ಮಾತ್ರ ಗುಡಿಯ ಜಗುಲಿಯ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದ ಗೆಳೆಯನ ಮುಖ. ಮರಳಿ ಬಂದ ಮೇಲೆ ಇಳಕಲ್ಲಿಗೆ ಹೋದೆ. ಮುದುಕರು ಮನೆಯಲ್ಲಿ ಕೊಂಡಿ ಹಾಕುತ್ತ ಕುಳಿತಿದ್ದರು. “ಮುತ್ಯಾ, ನನ್ನಿಂದ ನಿಮ್ಮ ಯಾತ್ರೆ ಅರ್ಧಕ್ಕೆ ನಿಂತಿತು” ಎಂದೆ. ಅವರು ಎಳೆಯಿಂದ ಕಣ್ಣೆತ್ತದೆ ನುಡಿದರು: “ಎಲ್ಲಿ ನಿಂತೈತ್ರೀ ದೇವ್ರ? ರಾತ್ರಿಯೆಲ್ಲಾ ಆ ಹುಡುಗನ ಹಣಿಗೆ ತಣ್ಣೀರಪಟ್ಟಿ ಹಾಕಿದೆ. ನಸಕಿನ್ಯಾಗ ಕಣ್ಣು ತಗದು ‘ಮುತ್ಯಾ, ನೀರು’ ಅಂದ. ನನ್ನ ಕಂಬಿ ಅಲ್ಲೇ ಇಳೀತು. ಮಲ್ಲಯ್ಯ ಬರೂ ವರ್ಷನೂ ಗುಡ್ಡದಾಗ ಇರ್ತಾನ.”

ನಮ್ಮ ಷಟ್‌ಸ್ಥಲ ಸಿದ್ಧಾಂತವನ್ನು ನಾನು ಅದಾಗಲೇ ಬಾಯಿಪಾಠ ಮಾಡಿದ್ದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಇವು ಒಂದರ ಮೇಲೊಂದು ಏರಬೇಕಾದ ಮೆಟ್ಟಿಲುಗಳೆಂದಷ್ಟೇ ತಿಳಿದಿದ್ದೆ. ಆದರೆ ಒಂದೊಂದು ಸ್ಥಲದಲ್ಲಿಯೂ ಉಳಿದೆಲ್ಲ ಸ್ಥಲಗಳು ಅಡಗಿವೆಯೆಂದು ಹಿರಿಯರು ಆರಾರು 36 ಸ್ಥಲಗಳನ್ನು ಎಣಿಸಿದ್ದಾರೆ. ಮೊದಲನೆಯದಾದ ಭಕ್ತಸ್ಥಲದೊಳಗೇ ಐಕ್ಯವೂ ಉಂಟು. ಎಂದರೆ, ಮುಟ್ಟಬೇಕಾದುದು ಮೊದಲ ಹೆಜ್ಜೆಯಲ್ಲಿಯೇ ಬೀಜರೂಪದಿಂದ ಇದೆ. ಈ ಲೆಕ್ಕದ ಒಳಗುಟ್ಟು ನನಗೆ ತಿಳಿದದ್ದು ಆ ನೇಕಾರರ ಮನೆಯಲ್ಲಿ.

ಇಷ್ಟೆಂದ ಮಾತ್ರಕ್ಕೆ ಗುರಿ ಬೇಡವೆಂದು ಭಾವಿಸಲಾಗದು. ಶ್ರೀಶೈಲವೊಂದು ಇಲ್ಲದಿದ್ದರೆ ಆ ಮುದುಕರು ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ; ನನ್ನ ಗೆಳೆಯನ ಬಳಿ ಯಾರೂ ನಿಲ್ಲುತ್ತಿರಲಿಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೋಡಿದವರು ಹೊಗಳುವುದು ಸೆರಗನ್ನು. ಮೈ ಮುಚ್ಚುವುದು ಒಡಲು. ಗುರಿಯು ಸೆರಗು, ನಡೆದ ದಿನಗಳು ಒಡಲು. ಕೊಂಡಿ ತಪ್ಪಿದರೆ ಎರಡೂ ಕೆಡುತ್ತವೆ.

ತಾಯಿತಂದೆಗಳಲ್ಲಿ ನನ್ನದೊಂದು ಅರಿಕೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ನೆನಪಿನಲ್ಲಿ ಉಳಿಯುತ್ತಿದ್ದುದು ತೇರಿನಷ್ಟೇ ಆ ರಾತ್ರಿಯ ದಾರಿ, ಅಜ್ಜಿಯ ಕಥೆ, ಸಜ್ಜೆರೊಟ್ಟಿಯ ಬುತ್ತಿ. ಇಂದು ಮಗು ಶಾಲೆಯಿಂದ ಬಂದೊಡನೆ “ಎಷ್ಟು ಅಂಕ ಬಂತು?” ಎಂದು ಕೇಳುತ್ತೇವೆ. ಕೇಳಬಾರದೆಂದಲ್ಲ. ಅದರ ಜೊತೆಗೆ “ಇಂದು ಯಾರಿಗೆ ಏನು ಸಹಾಯ ಮಾಡಿದೆ?” ಎಂಬುದನ್ನೂ ಕೇಳೋಣ. ಬಿದ್ದ ಗೆಳೆಯನನ್ನು ದಾಟಿ ಮುಂದೆ ಹೋದವನ ಮನಸ್ಸಿನ ಭಾರ ಎಂಥದೆಂಬುದನ್ನು ನಾನು ಬಲ್ಲೆ. ಗೆಳೆಯ ಗುಣವಾಗಿ ಮರಳಿದ. ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೌನ ಇಂದಿಗೂ ನನ್ನ ಜೊತೆಗಿದೆ.

ಈಗ ನನಗೆ ಮೊಣಕಾಲು ನೋವು, ಗುಡ್ಡ ಏರಲಾರೆ. ಯುಗಾದಿಯ ಮುಂಚಿನ ದಿನಗಳಲ್ಲಿ ಹುನಗುಂದದ ರಸ್ತೆಬದಿಯ ದಾಸೋಹದ ಚಪ್ಪರದಲ್ಲಿ ಕುಳಿತು, ಬಂದ ಪಾದಯಾತ್ರಿಗಳಿಗೆ ಅಂಬಲಿ ನೀಡುತ್ತೇನೆ. ಕಾಲಿಗೆ ಬಿಸಿನೀರು ಕಾಯಿಸಿ ಕೊಡುತ್ತೇನೆ. ಶ್ರೀಶೈಲ ಇಲ್ಲಿಂದ ಬಹು ದೂರ. ಆದರೂ ಬೊಬ್ಬೆಯೆದ್ದ ಪಾದವೊಂದು ನೀರಿಗಿಳಿದು “ಹಾ” ಎಂದಾಗ, ನಾನೂ ಒಂದು ಹೆಜ್ಜೆ ನಡೆದೆನೆಂದು ಅನಿಸುತ್ತದೆ.