ಬಳಸಿದ ಸ್ಕಿಡ್ ಸ್ಟಿಯರ್ ಲೋಡರು: ಕಾರಣವರಿಯದ ಮರಾಮತು ತರವಲ್ಲ

ಗೊಬ್ಬರವನ್ನು ತುಂಬುವುದು, ಕೊಟ್ಟಿಗೆಯನ್ನು ಬಳಿದು ಹಸನುಮಾಡುವುದು, ಮಣ್ಣು ಜಲ್ಲಿಗಳನ್ನು ಸಾಗಿಸುವುದು, ಮೇವನ್ನು ಒಟ್ಟುವುದು ಮೊದಲಾದ ಕೆಲಸಗಳಿಗೆ ಆಳುಗಳು ದೊರೆಯುವುದು ದಿನೇ ದಿನೇ ದುರ್ಲಭವಾಗುತ್ತಿದೆ. ಆದುದರಿಂದ ಅನುಕೂಲವುಳ್ಳ ಜಮೀನ್ದಾರರೂ, ಹೈನು ಮತ್ತು ಕೋಳಿ ಸಾಕಣೆಯನ್ನು ದೊಡ್ಡದಾಗಿ ನಡೆಸುವವರೂ ಸ್ಕಿಡ್ ಸ್ಟಿಯರ್ ಲೋಡರೆಂಬ ಚಿಕ್ಕ ಯಂತ್ರದ ಕಡೆಗೆ ಮನಸ್ಸು ಕೊಡುವುದುಂಟು. ಹೊಸ ಯಂತ್ರದ ಬೆಲೆಯು ಅಧಿಕವಾದ ಕಾರಣ, ಕಟ್ಟಡದ ಕೆಲಸಗಳಲ್ಲಿ ದುಡಿದು ಸವೆದ ಯಂತ್ರವನ್ನು ಸಾಲಮಾಡಿಯಾದರೂ ಕೊಳ್ಳುವವರಿದ್ದಾರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಯಂತ್ರವು ಒಂದು ದಿನ ನಿಂತೊಡನೆ, ಕಾರಣವೇನೆಂದು ವಿಚಾರಿಸದೆ, ಮೊದಲು ಪಂಪನ್ನೂ ಆಮೇಲೆ ಮೋಟಾರನ್ನೂ ಬದಲಾಯಿಸಿ, ಕಡೆಗೆ ಮೂಗಿಗಿಂತ ಮೂಗುತಿ ಭಾರವೆಂಬಂತೆ ಕೊಂಡ ಬೆಲೆಯನ್ನೂ ಮೀರಿ ಮರಾಮತಿಗೆ ಹಣ ಸುರಿಯುವುದು ಮಾತ್ರ ಸರ್ವಥಾ ತಪ್ಪು. ಮರಾಮತಿನ ಮೊದಲನೆಯ ಖರ್ಚು ಪರೀಕ್ಷೆಗಾಗಿ ಆಗಬೇಕೇ ಹೊರತು ಬಿಡಿಭಾಗಗಳಿಗಾಗಿ ಆಗಬಾರದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯವು.

ಈ ಯಂತ್ರವು ಹುಟ್ಟಿದ್ದೇ ಒಕ್ಕಲುತನದ ಅಗತ್ಯದಿಂದ. ಅಮೆರಿಕದ ಮಿನ್ನೆಸೋಟ ಪ್ರಾಂತದ ರಾತ್ಸೇ ಎಂಬ ಊರಿನ ಬಳಿ ಕಮ್ಮಾರಿಕೆ ನಡೆಸುತ್ತಿದ್ದ ಸಿರಿಲ್ ಕೆಲ್ಲರ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಸಹೋದರರು, ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ಒಬ್ಬ ರೈತನ ಕೊಟ್ಟಿಗೆಯನ್ನು ಹಸನುಮಾಡುವುದಕ್ಕಾಗಿ ೧೯೫೭ರಲ್ಲಿ ಮೂರು ಗಾಲಿಯ ಲೋಡರೊಂದನ್ನು ಕಟ್ಟಿದರು. ಮರುವರ್ಷ ಮೆಲ್ರೋ ಎಂಬ ಕಾರ್ಖಾನೆಯವರು ಅದರ ತಯಾರಿಕೆಯನ್ನು ಕೈಗೊಂಡರು. ೧೯೬೦ರಲ್ಲಿ ನಾಲ್ಕು ಗಾಲಿಯ ಯಂತ್ರವು ಹೊರಬಂದಿತು. ಕಂಬಗಳ ನಡುವೆ, ಇಕ್ಕಟ್ಟಾದ ಸ್ಥಳದಲ್ಲಿ, ನಿಂತಲ್ಲಿಯೇ ತಿರುಗಬಲ್ಲುದೆಂಬುದೇ ಇದರ ವಿಶೇಷವು.

ದೋಷವನ್ನು ಹುಡುಕುವವನು ಮೊದಲು ಯಂತ್ರದ ರಚನೆಯನ್ನು ತಿಳಿದಿರತಕ್ಕದ್ದು. ಇದರ ಗಾಲಿಗಳು ಮೋಟಾರು ಗಾಡಿಯ ಗಾಲಿಗಳಂತೆ ಎಡಕ್ಕೆ ಬಲಕ್ಕೆ ಹೊರಳುವುದಿಲ್ಲ. ಎಡಗಡೆಯ ಎರಡು ಗಾಲಿಗಳನ್ನು ಒಂದು ಹೈಡ್ರಾಲಿಕ್ ಪಂಪೂ ಮೋಟಾರೂ, ಬಲಗಡೆಯ ಎರಡನ್ನು ಇನ್ನೊಂದು ಪಂಪೂ ಮೋಟಾರೂ ನಡೆಸುತ್ತವೆ. ಒಂದು ಪಕ್ಕವು ವೇಗವಾಗಿಯೂ ಇನ್ನೊಂದು ನಿಧಾನವಾಗಿಯೂ ಉರುಳಿದಾಗ ಗಾಲಿಗಳು ನೆಲವನ್ನು ಉಜ್ಜಿಕೊಂಡು ಯಂತ್ರವು ತಿರುಗುತ್ತದೆ. ಸಾಮಾನ್ಯವಾಗಿ ಒಂದೊಂದು ಪಕ್ಕದ ಗಾಲಿಗಳಿಗೂ ಎಣ್ಣೆಯ ಪೆಟ್ಟಿಗೆಯೊಳಗಿರುವ ಸರಪಳಿಯ ಮೂಲಕ ಶಕ್ತಿಯು ಮುಟ್ಟುತ್ತದೆ. ತೋಳುಗಳನ್ನು ಎತ್ತಲೂ ಬಕೆಟ್ಟನ್ನು ಬಾಗಿಸಲೂ ಬೇರೊಂದು ಪಂಪು ಉಂಟು. ಗಾಲಿಯ ಪಂಪುಗಳಿಗೆ ಎಣ್ಣೆಯನ್ನು ಒತ್ತಿ ಊಡಿಸುವುದಕ್ಕೆ ಚಾರ್ಜ್ ಪಂಪೆಂಬ ಚಿಕ್ಕ ಪಂಪು ಇರುತ್ತದೆ. ಇವೆಲ್ಲಕ್ಕೂ ಎಂಜಿನು ಒಂದೇ; ಸಾಧಾರಣವಾಗಿ ಎಣ್ಣೆಯ ತೊಟ್ಟಿಯೂ ಒಂದೇ.

ಈ ರಚನೆಯಿಂದಲೇ ಪರೀಕ್ಷೆಯ ಮುಖ್ಯ ಸೂತ್ರವು ಹೊರಡುತ್ತದೆ. ಎರಡು ಪಕ್ಕಗಳೂ ಸೋತರೆ ಎರಡಕ್ಕೂ ಸಾಮಾನ್ಯವಾದ ಕಾರಣವನ್ನು, ಅಂದರೆ ಎಣ್ಣೆಯ ಮಟ್ಟ, ಫಿಲ್ಟರು, ಚಾರ್ಜ್ ಪಂಪು, ಎಂಜಿನಿನಿಂದ ಪಂಪುಗಳಿಗೆ ಬರುವ ಬೆಲ್ಟು ಅಥವಾ ಜೋಡಣೆ, ಇವುಗಳನ್ನು ನೋಡಬೇಕು. ಒಂದೇ ಪಕ್ಕವು ಸೋತರೆ ಆ ಪಕ್ಕದ ಲಿವರಿನ ಕೊಂಡಿ, ಸರಪಳಿ, ಮೋಟಾರು, ಪಂಪು, ಇವುಗಳನ್ನು ಇದೇ ಕ್ರಮದಲ್ಲಿ ನೋಡಬೇಕು. ಎರಡು ಪಕ್ಕಗಳೂ ಒಂದೇ ದಿನ ಬಲಗುಂದಿರುವಾಗ ಒಂದು ಪಕ್ಕದ ಪಂಪನ್ನು ಬಿಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ.

ಕೊಳ್ಳುವ ಮುಂಚೆ ನೋಡತಕ್ಕ ಅಂಶಗಳನ್ನು ಈಗ ಹೇಳುವೆವು. ದನದ ಜಾತ್ರೆಯಲ್ಲಿ ನಮ್ಮ ರೈತನು ಎತ್ತಿನ ಹಲ್ಲನ್ನು ಎಣಿಸಿ, ಸುಳಿಯನ್ನು ನೋಡಿ, ಗೊರಸನ್ನು ಮುಟ್ಟಿ, ನೊಗಕ್ಕೆ ಹೂಡಿ ನಡೆಸಿದ ಹೊರತು ಹಗ್ಗವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಹತ್ತಾರು ಪಟ್ಟು ಬೆಲೆಯ ಯಂತ್ರವನ್ನು ಬಣ್ಣದ ಹೊಳಪು ನೋಡಿ ಕೊಳ್ಳುವುದು ಯಾವ ವಿವೇಕ? ಮಾರುವವನು ಮುಂಚಿತವಾಗಿ ಚಾಲೂ ಮಾಡಿ ಬಿಸಿಮಾಡಿರದ, ತಣ್ಣಗಿರುವ ಎಂಜಿನನ್ನು ನಮ್ಮೆದುರಿಗೇ ಚಾಲೂ ಮಾಡಿಸಬೇಕು. ಗಂಟೆಗಳನ್ನು ತೋರಿಸುವ ಮಾಪಕವು ಕಡಿಮೆ ಹೇಳುತ್ತಿದ್ದು, ಕಾಲ್ಮಣೆಯೂ ಹಿಡಿಕೆಯೂ ತೋಳಿನ ಪಿನ್ನುಗಳೂ ಬಹಳ ಸವೆದಿದ್ದರೆ, ಮಾಪಕಕ್ಕಿಂತ ಸವಕಳಿಯನ್ನೇ ನಂಬತಕ್ಕದ್ದು. ಬಕೆಟ್ಟನ್ನು ನೆಲಕ್ಕೆ ತಾಗಿಸಿ ಎತ್ತಿ ಇಳಿಸುವಾಗ ಪಿನ್ನು ಬುಷ್‌ಗಳ ಸಡಿಲವು ಕಣ್ಣಿಗೆ ಕಾಣುವುದು. ಮುಂದಕ್ಕೂ ಹಿಂದಕ್ಕೂ ದಿಕ್ಕು ಬದಲಾಯಿಸುವಾಗ ಧಡ್ ಎಂಬ ಶಬ್ದ ಬಂದರೆ ಸರಪಳಿಯು ಸಡಿಲವಾಗಿರಬಹುದು. ಸರಪಳಿ ಪೆಟ್ಟಿಗೆಯ ಎಣ್ಣೆಯಲ್ಲಿ ಲೋಹದ ಚೂರುಗಳು ದೊರೆತರೆ ಬೆಲೆಯನ್ನು ಪುನಃ ಮಾತನಾಡಬೇಕು, ಇಲ್ಲವೆ ಎದ್ದು ಬರಬೇಕು. ಚೌಕಟ್ಟಿನ ಮೇಲಿನ ಅಂಕಿಯು ಕಾಗದಪತ್ರಗಳೊಡನೆ ಹೊಂದುವುದೋ, ಯಂತ್ರದ ಮೇಲೆ ಹಿಂದಿನವರ ಸಾಲವೇನಾದರೂ ಉಳಿದಿದೆಯೋ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸತಕ್ಕದ್ದು.

ಇನ್ನು ಕೆಲಸದಲ್ಲಿ ಕಾಣುವ ದೋಷಗಳು. ಎಂಜಿನು ಚಾಲೂ ಆಗದಿದ್ದರೆ ಬ್ಯಾಟರಿಯಿಂದ ಆರಂಭಿಸಬೇಕು. ೧೨ ವೋಲ್ಟಿನ ಒಳ್ಳೆಯ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟನ್ನೂ, ಎಂಜಿನು ಓಡುವಾಗ ಸುಮಾರು ೧೪ ವೋಲ್ಟನ್ನೂ ತೋರಿಸುತ್ತದೆ. ಬ್ಯಾಟರಿಯು ನೆಟ್ಟಗಿದ್ದೂ ಸ್ಟಾರ್ಟರು ನಿಧಾನವಾಗಿ ತಿರುಗಿದರೆ, ಚೌಕಟ್ಟಿಗೆ ಕೂಡಿಸಿದ ಭೂತಂತಿಯ ತುದಿಯು ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಸ್ಟಾರ್ಟರನ್ನು ಬದಲಾಯಿಸಿದರೂ ಹೋಗದ ರೋಗವು ಈ ತುದಿಯನ್ನು ಬಿಚ್ಚಿ ಉಜ್ಜಿ ಬಿಗಿಮಾಡಿದ ಮಾತ್ರಕ್ಕೆ ಹೋಗುವುದುಂಟು. ಸ್ಟಾರ್ಟರು ಚೆನ್ನಾಗಿ ತಿರುಗಿಯೂ ಎಂಜಿನು ಹತ್ತದಿದ್ದರೆ ಡೀಸೆಲ್ ಫಿಲ್ಟರು, ಕೊಳವೆಯಲ್ಲಿ ಸೇರಿದ ಗಾಳಿ, ಡೀಸೆಲ್ಲನ್ನು ತಡೆಯುವ ಸೊಲೆನಾಯ್ಡು, ಇವುಗಳನ್ನು ನೋಡತಕ್ಕದ್ದು.

ಎಂಜಿನು ಓಡುತ್ತಿದ್ದು ಯಂತ್ರವು ಕದಲದಿದ್ದರೆ ಆಸನದ ಸ್ವಿಚ್ಚು, ಚಾಲಕನ ಮುಂದಿನ ಅಡ್ಡಸರಳಿನ ಸ್ವಿಚ್ಚು, ನಿಲುಗಡೆಯ ಬ್ರೇಕು, ಫ್ಯೂಸು, ಇವು ಮೊದಲು. ಆಮೇಲೆ ಎಣ್ಣೆಯ ಮಟ್ಟ. ಒಂದೇ ಪಕ್ಕವು ನಡೆಯದಿದ್ದರೆ ಯಂತ್ರವನ್ನು ಮೇಲೆತ್ತಿ ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ ಪರೀಕ್ಷಿಸಬೇಕು. ಆ ಪಕ್ಕದ ಒಂದು ಗಾಲಿ ತಿರುಗಿ ಇನ್ನೊಂದು ತಿರುಗದಿದ್ದರೆ ತಪ್ಪು ಸರಪಳಿಯಲ್ಲಿದೆ, ಪಂಪಿನಲ್ಲಿಲ್ಲ. ಎರಡು ಗಾಲಿಗಳೂ ಬಲಗುಂದಿದ್ದರೆ, ಅನುಭವಸ್ಥನಾದ ಮೆಕ್ಯಾನಿಕನು ಪಂಪುಗಳಿಂದ ಮೋಟಾರುಗಳಿಗೆ ಹೋಗುವ ಹೋಸುಗಳನ್ನು ಎಡಬಲಕ್ಕೆ ಅದಲುಬದಲು ಮಾಡಿ ನೋಡಬಹುದು. ದೋಷವು ಇನ್ನೊಂದು ಪಕ್ಕಕ್ಕೆ ಹೋದರೆ ತಪ್ಪು ಪಂಪಿನದು. ಇದ್ದಲ್ಲಿಯೇ ಉಳಿದರೆ ಮೋಟಾರಿನದು. ಯಂತ್ರವು ಸ್ವಲ್ಪವೇ ಒಂದು ಕಡೆಗೆ ಎಳೆಯುತ್ತಿದ್ದರೆ ಟೈರುಗಳ ಗಾಳಿಯನ್ನೂ, ಎರಡು ಪಕ್ಕದ ಟೈರುಗಳು ಒಂದೇ ಅಳತೆಯವೋ ಎಂಬುದನ್ನೂ ಮೊದಲು ನೋಡಿ, ಆಮೇಲೆ ಲಿವರಿನ ಕೊಂಡಿಗಳನ್ನು ಸರಿಪಡಿಸತಕ್ಕದ್ದು.

ತೋಳುಗಳ ವಿಷಯದಲ್ಲಿಯೂ ಇದೇ ನ್ಯಾಯವು. ಎತ್ತುವುದೂ ಬಾಗಿಸುವುದೂ ಎರಡೂ ನಿಧಾನವಾಗಿದ್ದರೆ ಎಣ್ಣೆ, ಒತ್ತಡವನ್ನು ಮಿತಗೊಳಿಸುವ ವಾಲ್ವು, ಪಂಪು. ಒಂದೇ ನಿಧಾನವಾಗಿದ್ದರೆ ಆ ಸಿಲಿಂಡರಿನ ಸೀಲು ಅಥವಾ ಅದರ ವಾಲ್ವು. ಎಣ್ಣೆಯೇ ಅನೇಕ ಸಂಗತಿಗಳನ್ನು ಹೇಳುವುದು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆಯೆದ್ದರೆ ಪಂಪು ಗಾಳಿಯನ್ನು ಹೀರುತ್ತಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಮಿತಿಮೀರಿ ಕಾದಿದೆ. ಯಂತ್ರವು ಕಾಯುವುದಕ್ಕೆ ಅನೇಕ ವೇಳೆ ರೇಡಿಯೇಟರಿನಲ್ಲಿಯೂ ಎಣ್ಣೆ ತಣಿಸುವ ಜಾಲರಿಯಲ್ಲಿಯೂ ತುಂಬಿಕೊಂಡ ಹೊಟ್ಟು ಧೂಳುಗಳೇ ಕಾರಣವು. ಹೊಗೆಯನ್ನೂ ಗಮನಿಸತಕ್ಕದ್ದು: ಕಪ್ಪು ಹೊಗೆಯು ಗಾಳಿಯ ಫಿಲ್ಟರು ಕಟ್ಟಿರುವುದನ್ನು ಅಥವಾ ಅತಿಭಾರವನ್ನು, ನೀಲಿ ಹೊಗೆಯು ಎಂಜಿನಿನ ಎಣ್ಣೆ ಉರಿಯುವುದನ್ನು, ನಿಲ್ಲದ ಬಿಳಿ ಹೊಗೆಯು ಸರಿಯಾಗಿ ಉರಿಯದ ಡೀಸೆಲ್ಲನ್ನು ಅಥವಾ ಒಳಸೇರಿದ ನೀರನ್ನು ಸೂಚಿಸುತ್ತದೆ.

ಇಲ್ಲಿಯವರೆಗೆ ಹಣದ ಮಾತಾಯಿತು. ಪ್ರಾಣದ ಮಾತು ಇದಕ್ಕಿಂತ ಹೆಚ್ಚಿನದು. ಮೇಲೆ ಹೇಳಿದ ಆಸನದ ಮತ್ತು ಅಡ್ಡಸರಳಿನ ಸ್ವಿಚ್ಚುಗಳು ಕೆಟ್ಟಾಗ, ಕೆಲಸ ನಿಲ್ಲಬಾರದೆಂದು ಎರಡು ತಂತಿಗಳನ್ನು ಹೊಸೆದು ಅವುಗಳನ್ನು ನಿರರ್ಥಕಗೊಳಿಸುವ ದುರಭ್ಯಾಸವುಂಟು. ಇದನ್ನು ಜಾಣತನವೆಂದು ಹೊಗಳುವವರೂ ಇರುವರು. ಬಹುಪಾಲು ಸ್ಕಿಡ್ ಸ್ಟಿಯರುಗಳಲ್ಲಿ ಚಾಲಕನು ಹತ್ತಿ ಇಳಿಯುವ ದಾರಿಯು ಮುಂಭಾಗದಲ್ಲಿ, ಎತ್ತುವ ತೋಳುಗಳ ನಡುವೆಯೇ ಇರುತ್ತದೆ. ಅವನು ಆಸನದಿಂದೆದ್ದಾಗ ತೋಳುಗಳು ಅಲುಗದಂತೆ ಹಿಡಿಯುವುದು ಆ ಸ್ವಿಚ್ಚುಗಳ ಕಾರ್ಯವು. ಅವುಗಳನ್ನು ಕಟ್ಟಿಹಾಕಿದ ಮೇಲೆ, ಇಳಿಯುವಾಗ ಕಾಲೋ ತೋಳೋ ಒಂದು ಹಿಡಿಕೆಗೆ ತಗಲಿದರೆ ಸಾಕು, ಬಕೆಟ್ಟಿನ ಭಾರವೆಲ್ಲ ಅವನ ಮೇಲೆ ಬರುವುದು. ಹೊಸ ಸ್ವಿಚ್ಚಿನ ಬೆಲೆಯನ್ನು ಒಂದು ಸಂಸಾರದ ಅನ್ನದಾತನ ಪ್ರಾಣದೊಡನೆ ತೂಗುವುದುಂಟೆ? ಕೊಳ್ಳುವಾಗಲೇ ಸರಳನ್ನು ಮೇಲೆತ್ತಿ ತೋಳು ನಿಲ್ಲುವುದೋ ಇಲ್ಲವೋ ಪರೀಕ್ಷಿಸಬೇಕು. ನಿಲ್ಲದಿದ್ದರೆ ಸರಿಪಡಿಸಿದ ಹೊರತು ಕೆಲಸಕ್ಕೆ ಹೂಡಬಾರದು.

ಇದೇ ರೀತಿ, ಎತ್ತಿದ ತೋಳುಗಳಿಗೆ ತಯಾರಕರು ಕೊಟ್ಟಿರುವ ಉಕ್ಕಿನ ಆಧಾರವನ್ನು ಹಾಕದೆ ಅವುಗಳ ಕೆಳಗೆ ಯಾರೂ ತಲೆಯಿಡಕೂಡದು. ಎಣ್ಣೆಯ ಒತ್ತಡವನ್ನು ನಂಬಿ ನಿಲ್ಲುವುದು ಸಲ್ಲದು. ಎಣ್ಣೆ ಸೋರುವ ಸ್ಥಳವನ್ನು ಬರಿಗೈಯಿಂದ ಸವರಿ ಹುಡುಕುವುದು ಇನ್ನೊಂದು ಅಪಾಯ. ಮೋಟಾರು ಕಾರಿನ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋಗ್ರಾಮು ಒತ್ತಡವಿದ್ದರೆ, ಈ ಹೋಸುಗಳಲ್ಲಿ ೨೦೦ ಕಿಲೋಗ್ರಾಮಿನಷ್ಟೂ ಇರುವುದುಂಟು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯವು ಹೊರಗೆ ಅಲ್ಪವಾಗಿ ಕಂಡರೂ ತಡಮಾಡಿದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಕೂಡಲೇ ಶಸ್ತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ಸೋರಿಕೆಯನ್ನು ಹುಡುಕಲು ದಪ್ಪ ರಟ್ಟಿನ ತುಂಡನ್ನು ಉಪಯೋಗಿಸಬೇಕು.

ಯಂತ್ರದ ಗೊಡವೆಯು ಮೆಕ್ಯಾನಿಕನದು, ಯಜಮಾನನಿಗೇಕೆ ಎಂದು ಕೆಲವರು ಕೇಳುವರು. ಪಂಪನ್ನು ಬಿಚ್ಚುವುದು ಮೆಕ್ಯಾನಿಕನ ಕೆಲಸವೆಂಬುದು ನಿಜ. ಆದರೆ ಯಾವ ದಿನ, ಎಷ್ಟು ಹೊತ್ತು ದುಡಿದ ಮೇಲೆ, ತಣ್ಣಗಿದ್ದಾಗಲೋ ಕಾದಮೇಲೋ, ಒಂದು ಪಕ್ಕಕ್ಕೋ ಎರಡು ಪಕ್ಕಕ್ಕೋ ದೋಷವು ಕಂಡಿತೆಂಬುದನ್ನು ಹೇಳಬಲ್ಲವನು ಯಜಮಾನನೇ. ರೋಗಿಯು ರೋಗದ ಲಕ್ಷಣವನ್ನು ಹೇಳದಿದ್ದರೆ ವೈದ್ಯನು ಊಹೆಯಿಂದ ಮದ್ದು ಕೊಡಬೇಕಾಗುವುದು. ಆ ಊಹೆಯ ಬೆಲೆಯನ್ನು ತೆರುವವನು ರೋಗಿಯೇ.

ಆದುದರಿಂದ ಗ್ರಾಮದ ಮುಖಂಡರಲ್ಲಿಯೂ ಜಮೀನ್ದಾರರಲ್ಲಿಯೂ ನಾವು ಅರಿಕೆಮಾಡುವುದು ಇಷ್ಟೆ. ಒಂದನೆಯದಾಗಿ, ಯಂತ್ರಕ್ಕೊಂದು ಲೆಕ್ಕದ ಪುಸ್ತಕವನ್ನಿಟ್ಟು, ದುಡಿದ ಗಂಟೆ, ಹಾಕಿದ ಎಣ್ಣೆ, ಬದಲಾಯಿಸಿದ ಫಿಲ್ಟರು, ಕಂಡ ದೋಷ, ಇವುಗಳನ್ನು ತಾರೀಖುಸಹಿತ ಬರೆಯಿಸಬೇಕು. ಎರಡನೆಯದಾಗಿ, ಪ್ರತಿದಿನ ಬೆಳಗ್ಗೆ ಹತ್ತು ನಿಮಿಷ ಎಣ್ಣೆಯ ಮಟ್ಟ, ನೀರು, ಟೈರು, ಹೋಸು, ಜಾಲರಿ, ಸ್ವಿಚ್ಚುಗಳನ್ನು ನೋಡಿದ ಹೊರತು ಯಂತ್ರವನ್ನು ಹೊರಡಿಸಬಾರದು. ಮೂರನೆಯದಾಗಿ, ಆಯಾ ಮಾದರಿಯ ಕೈಪಿಡಿಯನ್ನು ಸಂಪಾದಿಸಿ, ಅದರಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ನಾಲ್ಕನೆಯದಾಗಿ, ಒಂದು ಒತ್ತಡಮಾಪಕವನ್ನೂ ಒಂದು ಮಲ್ಟಿಮೀಟರನ್ನೂ ಗ್ರಾಮದ ಸಹಕಾರ ಸಂಘದಲ್ಲಿಟ್ಟರೆ, ಟ್ರಾಕ್ಟರು ಪಂಪ್‌ಸೆಟ್ಟು ಉಳ್ಳವರಿಗೂ ಅವು ಉಪಯೋಗಕ್ಕೆ ಬರುವುವು; ಒಬ್ಬ ರೈತನು ಕಾರಣವಿಲ್ಲದೆ ಒಂದು ಪಂಪನ್ನು ಕೊಳ್ಳುವುದು ತಪ್ಪಿದರೂ ಅವುಗಳ ಬೆಲೆಯು ಹಿಂದಕ್ಕೆ ಬಂದಂತೆಯೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಳೆಯ ಯಂತ್ರವನ್ನು ನೋಡಿಕೊಂಡರೆ ಅದು ಇನ್ನೂ ಹಲವು ಸುಗ್ಗಿಗಳನ್ನು ದುಡಿಯುವುದು. ಆತುರದ ಕೈಗೆ ಸಿಕ್ಕಿದರೆ ಒಂದೇ ಸುಗ್ಗಿಯಲ್ಲಿ ಗುಜರಿಗೆ ಸೇರುವುದು. ಸಾಲದ ಕಂತು ಮಾತ್ರ ಯಂತ್ರವು ನಿಂತಿದೆಯೆಂದು ನಿಲ್ಲುವುದಿಲ್ಲವೆಂಬುದನ್ನು ನಮ್ಮ ರೈತಬಾಂಧವರು ಮರೆಯದಿರಲಿ.