ಎಲ್ಲರಿಗೂ ಒಂದೇ ತಿಂಗಳು ಚೀಟಿ ಬೇಕಾದರೆ?

ಚೀಟಿ ವ್ಯವಹಾರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಕಟ್ಟುತ್ತಾರೆ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಬೋರ್‌ವೆಲ್, ಮತ್ತೊಬ್ಬರಿಗೆ ಕಾಲೇಜು ಫೀಸು. ಯಾರಿಗೆ ತುರ್ತು ಇದೆಯೋ ಅವರು ಕೂಗಿ ಚೀಟಿ ಎತ್ತುತ್ತಾರೆ. ಇದು ಸುಸೂತ್ರವಾಗಿ ನಡೆಯೋದು ಇಪ್ಪತ್ತೂ ಜನಕ್ಕೆ ಒಂದೇ ತಿಂಗಳು ದುಡ್ಡು ಬೇಕಾಗಲ್ಲ ಅನ್ನೋ ನಂಬಿಕೆಯ ಮೇಲೆ.

ವಿಮೆಯ ಪ್ರೀಮಿಯಂ ಲೆಕ್ಕವಾಗಲಿ, ಬ್ಯಾಂಕುಗಳ ರಿಸ್ಕ್ ಮಾಡೆಲ್ ಆಗಲಿ, ನಿಂತಿರೋದು ಬಹುಪಾಲು ಇದೇ ನಂಬಿಕೆಯ ಮೇಲೆ. ಕೊನೆಗೆ ಬರುವ ಅಂಕಿಯನ್ನ ದಪ್ಪಕ್ಷರದಲ್ಲಿ ತೋರಿಸ್ತಾರೆ, ಈ ನಂಬಿಕೆಯನ್ನ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ. ನನ್ನ ತಕರಾರು ಇರೋದು ಅಲ್ಲೇ.

ಮೊದಲು ಲೆಕ್ಕ ಸರಿಯಾಗಿ ಕೆಲಸ ಮಾಡುವ ಜಾಗ ನೋಡೋಣ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲೇ ಬ್ರೆಸ್ಲಾವ್ ಊರಿನ ಜನನ-ಮರಣದ ದಾಖಲೆ ಇಟ್ಟುಕೊಂಡು, ಯಾವ ವಯಸ್ಸಿನವರು ಎಷ್ಟು ಜನ ಸಾಯಬಹುದು ಅಂತ ಪಟ್ಟಿ ಮಾಡಿದ್ದ. ಜೀವವಿಮೆ ಇವತ್ತಿಗೂ ಅದೇ ದಾರಿಯಲ್ಲಿದೆ. ಒಂದು ಉದಾಹರಣೆ ತಗೊಳ್ಳಿ (ಅಂಕಿ ನನ್ನದು, ಲೆಕ್ಕ ಸುಲಭವಾಗಲಿ ಅಂತ). 10,000 ಜನ, ವರ್ಷಕ್ಕೆ ಸಾವಿರಕ್ಕೆ 2 ಸಾವು, ತಲಾ 10 ಲಕ್ಷದ ವಿಮೆ. ಸರಾಸರಿ 20 ಸಾವು, ಅಂದರೆ ತಲೆಗೆ 2,000 ರೂಪಾಯಿ ವಸೂಲು ಮಾಡಿದರೆ ಸರಿಹೋಗುತ್ತೆ. ಆದರೆ ಕೆಟ್ಟ ವರ್ಷದಲ್ಲಿ 34 ಸಾವೂ ಆಗಬಹುದು, ಹಾಗಾಗಿ ಧೈರ್ಯಕ್ಕೆ 3,400 ಇಟ್ಟುಕೊಳ್ಳಬೇಕು. ಅದೇ 10 ಲಕ್ಷ ಜನ ಸೇರಿದರೆ? ಅಷ್ಟೇ ಧೈರ್ಯಕ್ಕೆ ಸುಮಾರು 2,135 ರೂಪಾಯಿ ಸಾಕು! ಜನ ಹೆಚ್ಚಿದಷ್ಟೂ ಅನಿಶ್ಚಿತತೆ ಕರಗುತ್ತೆ. ಇಂಜಿನಿಯರಿಂಗ್ ಓದುವಾಗ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಪ್ರಾಬಬಿಲಿಟಿ ಇಷ್ಟು ಚೆಂದ ಅಂತ ಆಗ ಯಾರೂ ಹೇಳಿರಲಿಲ್ಲ :-)

ಈಗ ಅದೇ ಲೆಕ್ಕವನ್ನ ಹೊಲಕ್ಕೆ ತನ್ನಿ. ಒಂದು ತಾಲ್ಲೂಕಿನಲ್ಲಿ 10,000 ರೈತರು, ಹತ್ತು ವರ್ಷಕ್ಕೊಮ್ಮೆ ಬೆಳೆ ಹೋಗುತ್ತೆ. ಸರಾಸರಿ ವರ್ಷಕ್ಕೆ 1,000 ಕ್ಲೇಮು. ಒಬ್ಬೊಬ್ಬರ ನಷ್ಟ ಬೇರೆಬೇರೆಯಾಗಿ ಬಂದರೆ ಕೆಟ್ಟ ವರ್ಷದಲ್ಲೂ 1,100 ದಾಟೋದು ಕಷ್ಟ. ಆದರೆ ಮಳೆ ಕೈಕೊಟ್ಟರೆ ಒಬ್ಬ ರೈತನಿಗೆ ಮಾತ್ರ ಕೊಡುತ್ತಾ? ಒಂಬತ್ತು ವರ್ಷ ಒಂದೂ ಕ್ಲೇಮ್ ಇಲ್ಲ, ಹತ್ತನೇ ವರ್ಷ ಹತ್ತು ಸಾವಿರವೂ ಒಟ್ಟಿಗೆ. ಸರಾಸರಿ ಎರಡರಲ್ಲೂ ಅದೇ ಒಂದು ಸಾವಿರ! ಅದೇ ತಾಲ್ಲೂಕಿನ ಇನ್ನೂ ಹತ್ತು ಸಾವಿರ ರೈತರನ್ನ ಸೇರಿಸಿದರೂ ಅಪಾಯ ಕರಗಲ್ಲ, ದುಪ್ಪಟ್ಟಾಗುತ್ತೆ ಅಷ್ಟೇ.

ಇದು ಬರೀ ಕಾಗದದ ಲೆಕ್ಕ ಅನ್ನಿಸಿದರೆ 2023 ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತ ಕಟ್ಟೋದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 2, ಮಿಕ್ಕ ಪ್ರೀಮಿಯಂ ಸರ್ಕಾರಗಳದ್ದು. ಮಳೆ ಚೆನ್ನಾಗಿ ಆದ ವರ್ಷ "ಕಂಪನಿಗಳು ದೋಚಿದವು" ಅಂತೀವಿ, ಬರದ ವರ್ಷ "ಪಾಪ, ಕಂಪನಿಗಳಿಗೆ ನಷ್ಟ" ಅನ್ನುವ ಮಾತು ಕೇಳುತ್ತೆ. ಎರಡೂ ತಪ್ಪು. ಇಂಥ ವಿಮೆಯನ್ನ ಒಂದು ವರ್ಷದ ಲಾಭನಷ್ಟದಿಂದ ಅಳೆಯೋಕಾಗಲ್ಲ. ಹತ್ತಿಪ್ಪತ್ತು ವರ್ಷದ ಲೆಕ್ಕವನ್ನ, ಯಾವ ಊಹೆಯ ಮೇಲೆ ದರ ಕಟ್ಟಿದರು ಅನ್ನೋದನ್ನ, ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಮುಂದಿಡಬೇಕು. ಆಗ ಲೂಟಿ ಯಾವುದು, ಮೀಸಲು ಯಾವುದು ಅಂತ ತಾನಾಗೇ ಗೊತ್ತಾಗುತ್ತೆ.

ಹೊಲದಲ್ಲಾದರೆ ಬರ ಕಣ್ಣಿಗೆ ಕಾಣುತ್ತೆ. ಹೂಡಿಕೆಯ ಲೋಕದಲ್ಲಿ ಅದೂ ಇಲ್ಲ. ಗಂಡ ಹೆಂಡತಿಯರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಬೇಗ ತೀರಿಕೊಳ್ಳುವ ಸಾಧ್ಯತೆ ಹೆಚ್ಚು ಅನ್ನೋದು ವಿಮಾ ಗಣಿತಜ್ಞರಿಗೆ ಗೊತ್ತಿದ್ದ ವಿಷಯ. ಈ ನಂಟನ್ನ ಅಳೆಯುವ ಗಣಿತವನ್ನೇ ಡೇವಿಡ್ ಲಿ ಅನ್ನುವವರು 2000ದಲ್ಲಿ ಸಾಲಗಳಿಗೆ ಹೊಂದಿಸಿದರು. ಒಂದು ಸಾಲ ಮುಳುಗಿದರೆ ಇನ್ನೊಂದು ಮುಳುಗುವ ಸಾಧ್ಯತೆ ಎಷ್ಟು? ಉತ್ತರ ಕೋರಿಲೇಷನ್ ಅನ್ನುವ ಒಂದೇ ಅಂಕಿಯಲ್ಲಿ! ಗಾಸಿಯನ್ ಕಾಪ್ಯುಲಾ ಅನ್ನುವ ಈ ಸೂತ್ರ ವಾಲ್‌ಸ್ಟ್ರೀಟ್‌ಗೆ ಭಾರಿ ಇಷ್ಟವಾಯಿತು. ಸಾವಿರಾರು ಗೃಹಸಾಲಗಳನ್ನ ಗಂಟು ಕಟ್ಟಿ, ಹೋಳು ಮಾಡಿ, ಮೇಲಿನ ಹೋಳಿಗೆ 'ಟ್ರಿಪಲ್ ಎ' ಮುದ್ರೆ ಒತ್ತಿ ಮಾರಿದರು.

ಆ ಸೂತ್ರದಲ್ಲೇ ಒಂದು ಮರ್ಮ ಇತ್ತು. ಮಾಮೂಲಿ ದಿನಗಳ ನಂಟನ್ನ ಅದು ಪರವಾಗಿಲ್ಲ ಅನ್ನುವಂತೆ ಹೇಳುತ್ತೆ. ಪರಿಸ್ಥಿತಿ ತೀರಾ ಕೆಟ್ಟಷ್ಟೂ 'ಇವೆಲ್ಲ ಬೇರೆಬೇರೆ' ಅನ್ನುವ ಕಡೆಗೇ ವಾಲುತ್ತೆ. ನಿಜಜೀವನದಲ್ಲಿ ಆಗೋದು ತದ್ವಿರುದ್ಧ. 2006ರ ನಂತರ ಅಮೆರಿಕದ ಉದ್ದಗಲಕ್ಕೂ ಮನೆಗಳ ಬೆಲೆ ಒಟ್ಟಿಗೇ ಕುಸಿಯಿತು, ಸಾಲಗಳೂ ಒಟ್ಟಿಗೇ ಮುಳುಗಿದವು. ಅಂಥ ಗಂಟುಗಳಿಗೆ ವಿಮೆಯಂಥ ಖಾತರಿ ಮಾರಿದ್ದ ಎಐಜಿಯನ್ನ ಉಳಿಸೋಕೆ 2008ರ ಸೆಪ್ಟೆಂಬರ್ 16ರಂದು ಅಲ್ಲಿನ ಫೆಡರಲ್ ರಿಸರ್ವ್ 85 ಬಿಲಿಯನ್ ಡಾಲರ್ ಸಾಲ ಘೋಷಿಸಬೇಕಾಯಿತು. ತನ್ನ ಮಾದರಿಯ ಸಾರ ಅರ್ಥವಾಗಿರೋದು ಬಹಳ ಕಡಿಮೆ ಜನಕ್ಕೆ ಅಂತ ಲಿ 2005ರಲ್ಲೇ ಹೇಳಿದ್ದರು. ಚೆನ್ನಾಗಿ ಬಿಕರಿಯಾಗುತ್ತಿದ್ದ ಮಾಲಿಗೆ ಆ ಮಾತು ಯಾರಿಗೆ ಬೇಕಿತ್ತು?

ಹಾಗಾದರೆ ಮಾಡೆಲ್ಲೇ ಬೇಡವೇ? ಖಂಡಿತ ಬೇಕು. ಲೆಕ್ಕ ಬಿಟ್ಟು ಅಂದಾಜಿಗೆ ಇಳಿದರೆ ಇನ್ನೂ ದೊಡ್ಡ ಗುಂಡಿಗೆ ಬೀಳ್ತೀವಿ. ನನ್ನ ವಾದ ಇಷ್ಟೇ: ಅಂಕಿಯ ಪಕ್ಕದಲ್ಲೇ ಊಹೆಯೂ ಇರಲಿ. ವಿದೇಶಿ ಬ್ಯಾಂಕುಗಳ ರಿಸ್ಕ್ ರಿಪೋರ್ಟು ತಯಾರಾಗುವ ಕೋಡನ್ನ ಬರೆಯೋರಲ್ಲಿ ಬೆಂಗಳೂರಿನ ನಮ್ಮಂಥವರು ಬೇಕಾದಷ್ಟು ಜನ ಇದ್ದೀವಿ. ಕೋರಿಲೇಷನ್ ನಮಗೆ ಕಾನ್ಫಿಗ್ ಫೈಲಿನ ಒಂದು ಸಾಲು. 0.3 ಇದ್ದದ್ದು 0.9 ಆದರೆ ಏನಾಗುತ್ತೆ ಅಂತ ಓಡಿಸಿ ನೋಡೋಕೆ ಹತ್ತು ನಿಮಿಷ ಸಾಕು. ಆ ಉತ್ತರ ರಿಪೋರ್ಟಿನ ಮೊದಲ ಪುಟದಲ್ಲಿ ಬರಬೇಕು, ಅನುಬಂಧದಲ್ಲಿ ಅಲ್ಲ. ಯುಲಿಪ್ ಪಾಲಿಸಿ ಮಾರುವಾಗ ಶೇ. 4 ಮತ್ತು ಶೇ. 8ರ ಎರಡು ಲೆಕ್ಕ ತೋರಿಸಬೇಕು ಅನ್ನುವ ನಿಯಮ ಒಳ್ಳೆಯದೇ. ಆದರೆ ಎರಡೂ ನುಣ್ಣಗಿನ ರಸ್ತೆಗಳು. ಒಂದರಲ್ಲೂ ಕೆಟ್ಟ ವರ್ಷ ಅನ್ನೋದೇ ಇಲ್ಲ!

ಇನ್ನು ನಮ್ಮ ಮನೆಯ ಮಾತು. ನನ್ನ ವಯಸ್ಸಿನ ಐಟಿ ಮಂದಿಯ ಲೆಕ್ಕ ನೋಡಿ. ಸಂಬಳ ಕಂಪನಿಯದ್ದು. ಉಳಿತಾಯದಲ್ಲಿ ದೊಡ್ಡ ಪಾಲು ಅದೇ ಕಂಪನಿಯ ಷೇರು. ಸಾಲ ಮಾಡಿ ಕೊಂಡ ಫ್ಲ್ಯಾಟು ವೈಟ್‌ಫೀಲ್ಡಿನಲ್ಲೋ ಸರ್ಜಾಪುರ ರಸ್ತೆಯಲ್ಲೋ. ಅದರ ಬೆಲೆ ಬಾಡಿಗೆ ಎರಡೂ ನಿಂತಿರೋದು ಐಟಿ ಕೆಲಸಗಳ ಮೇಲೆ. ಆರೋಗ್ಯವಿಮೆಯೂ ಆಫೀಸಿನದ್ದೇ. ಹೂಡಿಕೆಯ ಫಾರಂನಲ್ಲಿ ಇವು ನಾಲ್ಕು ಬೇರೆಬೇರೆ ಕಾಲಂಗಳು, ನೋಡೋಕೆ ಬಹಳ ಭದ್ರ. ಆದರೆ ನಾಲ್ಕೂ ಹಗ್ಗ ಕಟ್ಟಿರೋದು ಒಂದೇ ಗೂಟಕ್ಕೆ. ಗೂಟ ಕಿತ್ತ ದಿನ ಸಂಬಳ ನಿಲ್ಲುತ್ತೆ, ಷೇರು ಬೀಳುತ್ತೆ, ಫ್ಲ್ಯಾಟಿಗೆ ಗಿರಾಕಿ ಸಿಗಲ್ಲ, ವಿಮೆಯೂ ಹೋಗುತ್ತೆ.

ಕಂಪನಿಯ ಷೇರು ಕೈಗೆ ಬಂದಾಗ ಸ್ವಲ್ಪ ಸ್ವಲ್ಪ ಮಾರಿ ಬೇರೆ ಕಡೆ ಹಾಕಿ, ಸ್ವಂತಕ್ಕೊಂದು ಆರೋಗ್ಯವಿಮೆ ಮಾಡಿಸಿ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿಡಿ. ಇದಕ್ಕೆ ಕಾಪ್ಯುಲಾ ಬೇಕಿಲ್ಲ. ಇನ್ನು ಮುಂದೆ ಯಾರಾದರೂ 'ಸರಾಸರಿ ಶೇ. 12 ಬರುತ್ತೆ ಸಾರ್' ಅಂದರೆ ಒಂದೇ ಪ್ರಶ್ನೆ ಕೇಳಿ: ಎಲ್ಲ ಒಟ್ಟಿಗೇ ಕೆಟ್ಟರೆ ಎಷ್ಟು ಉಳಿಯುತ್ತೆ? ಅದಕ್ಕೆ ಉತ್ತರ ಕೊಡದವರ ಕೈಗೆ ದುಡ್ಡು ಕೊಡಬೇಡಿ. ನೀವೇನಂತೀರಿ?