ಮಣಿಕಟ್ಟಿನ ಮೇಲಿನ ನಾಡಿವೈದ್ಯ

ಕೈಗಡಿಯಾರವೆಂದರೆ ವೇಳೆ ತೋರಿಸುವ ಸಾಧನವೆಂದಷ್ಟೇ ಜನ ತಿಳಿದಿದ್ದ ಕಾಲವೊಂದಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ, ಮದುಮಗನಿಗೆ ಮಾವನ ಮನೆಯಿಂದ ಬರುವ ಉಡುಗೊರೆಗಳಲ್ಲಿ ಅದಕ್ಕೊಂದು ಗೌರವದ ಸ್ಥಾನ ದೊರಕಿತು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಅದು ಮತ್ತೇನನ್ನೂ ಕೇಳುತ್ತಿರಲಿಲ್ಲ, ಮತ್ತೇನನ್ನೂ ಹೇಳುತ್ತಲೂ ಇರಲಿಲ್ಲ. ಆ ಗಡಿಯಾರದ ಕಂಪನಿಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿತ್ತು. ಇಂದು ಸೇಡಂ, ಚಿತ್ತಾಪುರಗಳ ಮೈದಾನಗಳಲ್ಲಿ ನಸುಕಿನಲ್ಲಿ ನಡೆಯುವವರ ಕೈಯಲ್ಲಿ ಮಿನುಗುವ ಗಡಿಯಾರ ಬೇರೆಯೇ ಜಾತಿಯದು. ಧರಿಸಿದವನು ಎಲ್ಲಿದ್ದಾನೆ, ಎಷ್ಟು ದೂರ ಬಂದಿದ್ದಾನೆ, ಅವನ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದನ್ನೆಲ್ಲ ಅದು ಲೆಕ್ಕವಿಡುತ್ತದೆ. ಮನೆಯ ಲೆಕ್ಕ ಬರೆಯಲು ಬೇಸರಪಡುವವರು ಕೂಡ ಈ ಲೆಕ್ಕವನ್ನು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಾರೆ.

ಸ್ಥಳವನ್ನು ತಿಳಿಯುವ ವಿದ್ಯೆ ಅದಕ್ಕೆ ಬಂದದ್ದು ಆಕಾಶದಿಂದ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಜಿ.ಪಿ.ಎಸ್. ಉಪಗ್ರಹಗಳು ತಮ್ಮ ಪರಮಾಣು ಗಡಿಯಾರಗಳ ವೇಳೆಯನ್ನು ಎಡೆಬಿಡದೆ ಸಾರುತ್ತಿರುತ್ತವೆ. ನೆತ್ತಿಯ ಮೇಲಿನ ಉಪಗ್ರಹದ ಸಂದೇಶ ನೆಲ ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಪಾಲು ಸಾಕು. ಈ ವಿಳಂಬವನ್ನು ಅಳೆದರೆ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಿಂತ ಸ್ಥಳ ತಿಳಿಯುತ್ತದೆ. 1815ರಲ್ಲಿ ವಿಲಿಯಂ ಲ್ಯಾಂಬ್ಟನ್ನನ ಮೋಜಣಿ ತಂಡ ನೆರೆಯ ಬೀದರದ ಬಳಿ ನೆಲದ ಮೇಲೆ ಸರಪಳಿ ಹಾಸಿ, ಬಲು ಶ್ರಮದಿಂದ ಒಂದು ಆಧಾರರೇಖೆಯನ್ನು ಅಳೆದಿತ್ತು. ಇಂದು ಶಾಲೆಯ ಹುಡುಗನ ಮಣಿಕಟ್ಟಿನ ಮೇಲೆ ಅದೇ ಬಗೆಯ ಗಣಿತ ಸೆಕೆಂಡಿಗೊಮ್ಮೆ ನಡೆಯುತ್ತದೆ. ನಮ್ಮ ಇಸ್ರೋ ಸಂಸ್ಥೆಯೂ ಈ ದಾರಿಯಲ್ಲಿ ಹಿಂದುಳಿದಿಲ್ಲ. 2016ರಲ್ಲಿ ಏಳನೆಯ ಉಪಗ್ರಹವನ್ನು ಹಾರಿಸಿದಾಗ ಭಾರತದ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರು ಬಂದಿತು; 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ತಯಾರಾದ ಪರಮಾಣು ಗಡಿಯಾರವಿತ್ತು.

ಇಷ್ಟೊಂದು ವಿದ್ಯೆಯುಳ್ಳ ಗಡಿಯಾರ ಶಹಾಬಾದಿಗೆ ಬಂದರೆ ಕೆಲವೊಮ್ಮೆ ಮುಗ್ಗರಿಸುವುದುಂಟು. ಊರೂರಿನ ಮನೆಗಳಿಗೆ ನೆಲಗಲ್ಲು ಕೊಟ್ಟ ಆ ಸೀಮೆಯಲ್ಲಿ ಕಲ್ಲುಗಣಿಗಳಿಗೆ ಕೊರತೆಯಿಲ್ಲ. ಗಣಿಯ ಆಳದಲ್ಲಿ ಆಕಾಶದ ಬಹುಪಾಲು ಗೋಡೆಯ ಮರೆಗೆ ಸರಿಯುತ್ತದೆ. ಉಪಗ್ರಹದ ಸಂದೇಶ ಕಲ್ಲಿಗೆ ತಾಗಿ ಪ್ರತಿಫಲಿಸಿ ಸುತ್ತುಬಳಸಿ ಬರುತ್ತದೆ. ಆಗ ದಡದ ಮೇಲೆ ನೇರವಾಗಿ ಓಡಿದವನೂ ಗಡಿಯಾರದ ನಕಾಶೆಯಲ್ಲಿ ಗಣಿಯ ಗೋಡೆಯನ್ನು ತೂರಿ ಹೋದ ಮಾಯಾವಿಯಾಗುತ್ತಾನೆ. ವಾಡಿಯಲ್ಲಿ ಮತ್ತೊಂದು ಬಗೆ. ಬೆಳಗಿನ ಓಟ ಮುಗಿಸಿ, ಗಡಿಯಾರವನ್ನು ನಿಲ್ಲಿಸಲು ಮರೆತು, ಜಂಕ್ಷನ್ನಿನಲ್ಲಿ ರೈಲು ಹತ್ತಿದ ತರುಣನಿಗೆ ಸಂಜೆ ಅದು ಅಭಿನಂದನೆ ಹೇಳುತ್ತದೆ: ಆ ದಿನ ಅವನು ಜಗತ್ತಿನ ಎಲ್ಲ ಓಟಗಾರರನ್ನೂ ಹಿಂದೆ ಹಾಕಿದ್ದಾನೆ!

ಹೆಜ್ಜೆಯ ಲೆಕ್ಕದ ಕಥೆಯಂತೂ ಮನೆಮನೆಯದು. ಕೈಯ ಅಲುಗಾಟವನ್ನು ನೋಡಿ ಗಡಿಯಾರ ಹೆಜ್ಜೆಯನ್ನು ಊಹಿಸುತ್ತದೆ. ಮಗ ಪ್ರೀತಿಯಿಂದ ತಂದುಕೊಟ್ಟ ಗಡಿಯಾರವನ್ನು ಕಟ್ಟಿಕೊಂಡು ತಾಯಿ ಜೋಳದ ರೊಟ್ಟಿ ಬಡಿಯಲು ಕುಳಿತರೆ, ರೊಟ್ಟಿಗಳ ಜೊತೆಗೆ ಹೆಜ್ಜೆಗಳೂ ಬೆಳೆಯುತ್ತವೆ. “ಯವ್ವಾ, ಎಷ್ಟು ನಡದೀ ಇವತ್ತು!” ಎಂದು ಮಗ ಬೆರಗಾದರೆ, “ಎಲ್ಲಿ ನಡೀಲೋ ಯಪ್ಪಾ, ಒಲಿ ಮುಂದಿಂದ ಎದ್ದೇ ಇಲ್ಲ” ಎನ್ನುತ್ತಾಳೆ ಆಕೆ. ಅದೇ ಆಕೆ ತುಂಬಿದ ಕೊಡ ಹೊತ್ತು, ಕೈಯನ್ನು ಅಲುಗಿಸದೆ ನಡೆದು ಬಂದರೆ ಲೆಕ್ಕಕ್ಕೆ ಬರುವುದು ಕೆಲವೇ ಹೆಜ್ಜೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಪ್ರಸಿದ್ಧ ನಿಯಮ ಕೂಡ ವೈದ್ಯರ ಪರಿಶೋಧನೆಯಿಂದ ಹುಟ್ಟಿದ್ದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಕೆಯ ಯಂತ್ರವೊಂದರ ಹೆಸರಿನಿಂದ ಅದು ಹಬ್ಬಿತು.

ಇವು ನಕ್ಕು ಮರೆಯಬಹುದಾದ ತಪ್ಪುಗಳು. ಆದರೆ ನೌಕರಿಯ ಕನಸು ಹೊತ್ತು ಓಡುವ ತರುಣನಿಗೆ ಕೆಲವು ಮೀಟರುಗಳ ತಪ್ಪೂ ಸಣ್ಣದಲ್ಲ. ಪೊಲೀಸ್ ಪೇದೆಯ ಹುದ್ದೆ ಬಯಸುವ ಪುರುಷ ಅಭ್ಯರ್ಥಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಗಡಿಯಾರ ದೂರದಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸಿತೆನ್ನೋಣ. ಆಗ 32 ಮೀಟರ್, ಎಂದರೆ ಸುಮಾರು ಎಂಟು ಸೆಕೆಂಡು, ಕೈಬಿಟ್ಟು ಹೋಯಿತು. ಅಭ್ಯಾಸದಲ್ಲಿ ಪ್ರತಿದಿನವೂ ಗೆದ್ದವನು ಪರೀಕ್ಷೆಯ ದಿನ ಸೋಲಲು ಅಷ್ಟೇ ಸಾಕು. ವೃತ್ತಾಕಾರದ ತಿರುವುಗಳಲ್ಲಿ ಉಪಗ್ರಹದ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಆದುದರಿಂದ 400 ಮೀಟರಿನ ಅಳೆದ ಹಾದಿಯಲ್ಲಿ ನಾಲ್ಕು ಸುತ್ತು ಹಾಕಿ, ಗಡಿಯಾರದಿಂದ ವೇಳೆಯನ್ನು ಮಾತ್ರ ಕೇಳುವುದು ಜಾಣತನ.

ಇನ್ನು ನಾಡಿಯ ಮಾತು. 1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಬಳಕೆಗೆ ತಂದನು. ಈಗಿನದು ತಾನೇ ಎಣಿಸುತ್ತದೆ. ಅದರ ಬೆನ್ನಿನಿಂದ ಹಸಿರು ಬೆಳಕು ಚರ್ಮದೊಳಕ್ಕೆ ಇಳಿಯುತ್ತದೆ. ರಕ್ತ ಹಸಿರನ್ನು ಹೀರುವುದರಿಂದ, ಪ್ರತಿ ಬಡಿತಕ್ಕೂ ರಕ್ತ ತುಂಬಿ ಬಂದಾಗ ಮರಳುವ ಬೆಳಕು ತುಸು ಮಂಕಾಗುತ್ತದೆ. ಆ ಏರಿಳಿತವೇ ನಾಡಿ. ಪಟ್ಟಿ ಸಡಿಲವಾಗಿದ್ದರೆ, ಹಚ್ಚೆಯ ಮೇಲೆ ಕುಳಿತರೆ, ಕೈ ಬಹಳ ಅಲುಗಿದರೆ ಲೆಕ್ಕ ಕೆಡುತ್ತದೆ. ಒಮ್ಮೊಮ್ಮೆ ಎದೆಯ ಬಡಿತದ ಬದಲು ಕಾಲಿನ ಹೆಜ್ಜೆಯನ್ನೇ ಎಣಿಸಿ ಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ತನ್ನೇ ಗ್ರಹಿಸುವುದರಿಂದ ಓಟಗಾರರಿಗೆ ಅದು ಹೆಚ್ಚು ನಂಬಿಕೆಯದು.

ಈ ನಾಡಿವೈದ್ಯ ನಿಜವಾಗಿ ಉಪಕಾರ ಮಾಡುವುದು ಬೇಸಗೆಯಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆಗ ಮೈಯನ್ನು ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ. ಬೆವರಿನಿಂದ ನೀರಿನ ಅಂಶ ಕುಗ್ಗುತ್ತದೆ. ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಜನವರಿಯಲ್ಲಿ 120 ತೋರಿಸಿದ ನಡಿಗೆಗೆ ಮೇ ತಿಂಗಳಲ್ಲಿ 140 ಕಂಡರೆ ಅದು ಗಡಿಯಾರದ ಹುಚ್ಚಲ್ಲ, ದೇಹದ ಎಚ್ಚರಿಕೆ. ಹೆಜ್ಜೆ ನಿಧಾನಿಸಿ ನೆರಳಿಗೆ ಸರಿಯುವುದೇ ಅದಕ್ಕೆ ಉತ್ತರ. ಗರಿಷ್ಠ ಬಡಿತ 220ರಲ್ಲಿ ವಯಸ್ಸನ್ನು ಕಳೆದಷ್ಟು ಎಂಬ ಸೂತ್ರವೂ ಸ್ಥೂಲವಾದುದು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ಸಹಜ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಂಥ ಕಾಡಿನಂಚಿನಲ್ಲಿ ದೂರವಾಣಿಯ ಸಂಪರ್ಕ ತಪ್ಪಿದರೂ, ಉಪಗ್ರಹದ ಸಂದೇಶ ಸಿಗುವುದರಿಂದ, ಬಂದ ದಾರಿಯನ್ನು ಗಡಿಯಾರ ಮರಳಿ ತೋರಿಸಬಲ್ಲದು.

ಆದರೆ ಅದು ಮಾಡಲಾರದ ಕೆಲಸವೊಂದಿದೆ; ಪ್ರತಿಯೊಂದು ಮನೆಯೂ ಅದನ್ನು ತಿಳಿದಿರಬೇಕು. ವ್ಯಾಯಾಮದಲ್ಲಿ ಶ್ರದ್ಧೆಗೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ತತ್ತರಿಸಿತು. ಆ ಬಳಿಕ ಅನೇಕರು ಗಡಿಯಾರವನ್ನು ರಕ್ಷೆಯಂತೆ ಕಟ್ಟಿಕೊಂಡರು. ಹೃದಯದ ರಕ್ತನಾಳ ಕಟ್ಟಿದಾಗಲೂ ನಾಡಿ 80ರ ಆಸುಪಾಸಿನಲ್ಲಿಯೇ ಇರಬಹುದು. ಮಣಿಕಟ್ಟಿನ ಹಸಿರು ಬೆಳಕು ಬಡಿತವನ್ನು ಎಣಿಸುತ್ತದೆ, ಹೃದಯಾಘಾತವನ್ನು ಕಂಡುಹಿಡಿಯಲಾರದು. ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಿದು, ತಣ್ಣನೆಯ ಬೆವರು ಬಂದಾಗ “ಗಡಿಯಾರದಲ್ಲಿ ಎಲ್ಲ ಸರಿಯಾಗಿದೆ” ಎಂದು ಕುಳಿತುಕೊಂಡವನು ಅಮೂಲ್ಯವಾದ ವೇಳೆಯನ್ನು ಕಳೆದುಕೊಳ್ಳುತ್ತಾನೆ.

ವೇಳೆಯ ಬೆಲೆ ಈ ಭಾಗದಲ್ಲಿ ಇನ್ನೂ ಹೆಚ್ಚು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹಿಂದೆ ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕಾಗಿದ್ದವರಿಗೆ ಅದೊಂದು ವರವೇ ಸರಿ. ಆದರೂ ಸೇಡಮ್ಮಿನಿಂದ ಅದು ಸುಮಾರು 50 ಕಿಲೋಮೀಟರ್. ಚಿಂಚೋಳಿಯಿಂದ ಇನ್ನೂ ದೂರ. ಇದಕ್ಕಾಗಿಯೇ ಪುನೀತರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಾಲೂಕು ಆಸ್ಪತ್ರೆಗಳನ್ನು ಗುರಿಯಾಗಿಟ್ಟುಕೊಂಡಿದೆ. ಅಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನೋವು ಕಂಡಾಗ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗುವುದೇ ಮೊದಲ ಕರ್ತವ್ಯ.

ಗಡಿಯಾರ ಒಳ್ಳೆಯ ಗುಮಾಸ್ತ. ಬಂದದ್ದನ್ನು ಬರೆದಿಡುತ್ತದೆ, ಕೆಲವೊಮ್ಮೆ ತಪ್ಪಾಗಿಯೂ ಬರೆಯುತ್ತದೆ. ಯಜಮಾನಿಕೆಯನ್ನು ಮಾತ್ರ ಅದಕ್ಕೆ ಒಪ್ಪಿಸಬಾರದು. ಬೆಳಗಿನ ತಂಪಿನಲ್ಲಿ ಅದನ್ನು ಕಟ್ಟಿಕೊಂಡು ನಡೆಯಲಿ. ಆದರೆ ಎದೆ ನೋವೆಂದಾಗ, ಗಡಿಯಾರ ಏನೇ ಹೇಳಲಿ, ಎದೆಯ ಮಾತನ್ನೇ ಕೇಳಲಿ.